ನೀಲಿ ಅಳಿಸಿದ ಜಾಗ

ನಗರಾಡಳಿತ ಕಚೇರಿಯ ಮೆಟ್ಟಿಲ ಮೇಲೆ ನಿಂತು ಮಕ್ಕಳನ್ನು ಮೂರನೆಯ ಸಲ ಎಣಿಸಿದಾಗಲೂ ಇಪ್ಪತ್ತಮೂರೇ ಆಯಿತು. ಬರಬೇಕಾದಷ್ಟೂ ಬಂದಿದ್ದರು. ಆದರೂ ಅವನಿಗೆ ಸಮಾಧಾನವಾಗಲಿಲ್ಲ. ಒಂದು ತಲೆ ಕಮ್ಮಿ ಬಿದ್ದಿದ್ದರೆ, ಬಸ್ಸಿನಲ್ಲೋ ರಸ್ತೆಯಲ್ಲೋ ಯಾರಾದರೂ ಹಿಂದೆ ಉಳಿದಿದ್ದರೆ, ಹುಡುಕುವ ನೆಪದಲ್ಲಿ ಎಲ್ಲರನ್ನೂ ಕರೆದುಕೊಂಡು ವಾಪಸು ಹೋಗಿಬಿಡಬಹುದಿತ್ತಲ್ಲ ಎಂದು ಒಳಗೊಳಗೇ ಆಸೆಪಟ್ಟಿದ್ದು ಈಗ ಹೊಳೆದು, ಮೇಷ್ಟ್ರಾದವನು ಇಂಥದ್ದನ್ನೂ ಬಯಸುತ್ತಾನಾ ಎಂದು ಮುಖ ಬಿಸಿಯಾಯಿತು. ಕಂಕುಳಲ್ಲಿದ್ದ ನಕ್ಷೆಯ ಸುರುಳಿಯನ್ನು ಎಡಗೈಗೆ ಬದಲಾಯಿಸಿದ. ಬೆವರು ಕಾಗದಕ್ಕೆ ಇಳಿಯಬಾರದು. ಇಳಿದರೆ ಮೆತ್ತಗಾಗಿರುವ ಜಾಗ ಮೊದಲು ಕಾಣುತ್ತದೆ. ಅಷ್ಟರಲ್ಲಿ ಬಾಗಿಲ ಬಳಿಯ ಜವಾನ ಇವನ ಕಡೆ ಕೈ ಬೀಸಿ, ಬಸ್ಸು ಗೇಟಿಗೆ ಅಡ್ಡ ನಿಂತಿದೆ, ಹಿಂದಕ್ಕೆ ಹಾಕ್ರೀ ಎಂದ. ತಾನು ಡ್ರೈವರಲ್ಲ, ಭೂಗೋಳದ ಮೇಷ್ಟ್ರು ಎಂದು ಹೇಳುವುದಕ್ಕೆ ಅವನಿಗೆ ಎರಡು ಉಸಿರು ಬೇಕಾಯಿತು. ಜವಾನ ತಪ್ಪಾಯಿತು ಎನ್ನಲಿಲ್ಲ. ಹಾಗಾದರೆ ಡ್ರೈವರಿಗೆ ನೀವೇ ಹೇಳಿ ಎಂದು ರಿಜಿಸ್ಟರನ್ನು ಮುಂದಕ್ಕೆ ತಳ್ಳಿದ. 'ಬಂದ ಉದ್ದೇಶ' ಎಂಬ ಕಾಲಮಿನಲ್ಲಿ ಏನು ಬರೆಯುವುದೆಂದು ತಿಳಿಯದೆ ಪೆನ್ನು ಹಿಡಿದು ನಿಂತವನ ಹಿಂದೆ ಮಕ್ಕಳು ಪಿಸಪಿಸ ನಗುತ್ತಿದ್ದರು. ತನಗೇ ನಗುತ್ತಿದ್ದಾರೆ ಎಂದುಕೊಂಡ. ಅವರು ನಗುತ್ತಿದ್ದದ್ದು ಗೋಡೆಯ ಮೇಲೆ ಹಳೆಯ ಆಯುಕ್ತರೊಬ್ಬರ ಫೋಟೋ ಓರೆಯಾಗಿ ತೂಗುತ್ತಿದ್ದುದಕ್ಕೆ.

ಒಳಗೆ ಉದ್ದನೆಯ ಬೆಂಚಿನ ಮೇಲೆ ಕಾಯಬೇಕೆಂದರು. ಮಕ್ಕಳು ತಮ್ಮ ತಮ್ಮ ಮಾತನ್ನು ತುಟಿಯಲ್ಲೇ ಒಪ್ಪಿಸಿಕೊಳ್ಳುತ್ತ ಕೂತರು. ಇಸ್ತ್ರಿ ಮಾಡಿದ ಸಮವಸ್ತ್ರ, ಎಣ್ಣೆ ಹಾಕಿ ಬಾಚಿದ ತಲೆ. ಇಷ್ಟು ಶಿಸ್ತಾಗಿ ಅವರು ಪರೀಕ್ಷೆಗೂ ಬಂದವರಲ್ಲ. ನಾಲ್ಕು ತಿಂಗಳ ಹಿಂದೆ ಕಚೇರಿಯಿಂದ ಶಾಲೆಗೆ ಕಾಗದ ಬಂದಾಗ ಅವನಿಗೆ ಅದು ಇನ್ನೊಂದು ಉಪದ್ರವ ಅಷ್ಟೇ ಆಗಿತ್ತು. ಮತ್ತೆ ನೆರೆ ಬಂದರೆ ನಗರ ಹೇಗೆ ತಡೆದುಕೊಳ್ಳಬೇಕು ಎಂಬ ಯೋಜನೆಯೊಂದು ತಯಾರಾಗುತ್ತಿದೆ, ಅದಕ್ಕೆ ಶಾಲೆಯ ಮಕ್ಕಳ ಅಭಿಪ್ರಾಯವನ್ನೂ ಪಡೆಯತಕ್ಕದ್ದು, ಮಕ್ಕಳು ತಮ್ಮ ಸುತ್ತಲಿನ ಬೀದಿಗಳಲ್ಲಿ ನಡೆದು ನೀರು ನಿಲ್ಲುವ ಜಾಗಗಳನ್ನು ಗುರುತಿಸಿ ನಕ್ಷೆ ಮಾಡತಕ್ಕದ್ದು. 'ತಕ್ಕದ್ದು' ಎಂದು ಬರೆಯುವವರಿಗೆ ನಡೆಯುವ ಕಷ್ಟ ಗೊತ್ತೇ ಎಂದು ಸಹೋದ್ಯೋಗಿಗಳ ಮುಂದೆ ನಗೆಯಾಡಿದ್ದ. ಒಂದು ಶನಿವಾರ ಸುತ್ತಾಡಿಸಿ ಕೈ ತೊಳೆದುಕೊಳ್ಳೋಣವೆಂದಿದ್ದ. ಆದರೆ ಮಕ್ಕಳು ಬಿಡಲಿಲ್ಲ. ಎರಡು ವರ್ಷದ ಹಿಂದೆ ಹೊಳೆ ಉಕ್ಕಿದಾಗ ಅವರಲ್ಲಿ ಎಷ್ಟೋ ಮಂದಿ ಮಂಚದ ಮೇಲೆ ಮಂಚ ಹಾಕಿ ಕೂತವರು. ಅಂಗಡಿಯವರನ್ನು, ಹೊಲಿಗೆಯವಳನ್ನು, ಸೈಕಲ್ ರಿಪೇರಿಯವನನ್ನು ನಿಲ್ಲಿಸಿ, ನೀರು ಎಲ್ಲಿಯತನಕ ಬಂದಿತ್ತು ತೋರಿಸಿ ಎಂದು ಕೇಳಿದರು. ಜನ ತಮ್ಮ ಮೊಣಕಾಲು, ಸೊಂಟ, ಎದೆ ಮುಟ್ಟಿ ತೋರಿಸಿದರು. ಮುಟ್ಟಿದ ಕಡೆಗೆ ಒಂದು ಹುಡುಗಿ ಟೇಪು ಹಿಡಿದು ನೆಲದಿಂದ ಅಳೆದು ಪುಸ್ತಕದಲ್ಲಿ ಬರೆದುಕೊಂಡಳು. ಗಾರೆ ಕೆಲಸದವನ ಮಗಳು. ಅಪ್ಪನ ಹಳೇ ಟೇಪು ಸದಾ ಅವಳ ಕೈಯಲ್ಲಿರುತ್ತಿದ್ದುದರಿಂದ ತರಗತಿಯಲ್ಲಿ ಅವಳಿಗೆ 'ಟೇಪು' ಎಂದೇ ಹೆಸರು. ಜನ ಕುಳ್ಳಗೂ ಇರ್ತಾರೆ, ಉದ್ದಕ್ಕೂ ಇರ್ತಾರೆ ಸರ್, ಸೊಂಟ ಅಂತ ಬರ್ಕೊಂಡ್ರೆ ಆಗಲ್ಲ ಎಂದಿದ್ದಳು. ಹದಿನೆಂಟು ವರ್ಷ ಭೂಗೋಳ ಹೇಳಿದವನಿಗೆ ಅದು ಹೊಳೆದಿರಲಿಲ್ಲ.

ಹನ್ನೊಂದನೆಯ ಶನಿವಾರ ಅವಳೇ ಶಾಲೆಯ ಸಾಮಾನು ಕೋಣೆಯ ಕಬ್ಬಿಣದ ಬೀರುವನ್ನು ನಾಲ್ಕು ಜನರಿಂದ ಪಕ್ಕಕ್ಕೆ ಎಳೆಸಿದ್ದು. ನೆರೆಯ ಸಮಯದಲ್ಲಿ ಶಾಲೆಗೆ ರಜೆ. ಬಾಗಿಲು ತೆಗೆಯುವ ಹೊತ್ತಿಗೆ ನೆಲ ತೊಳೆದಿತ್ತು, ಗೋಡೆಗೆ ಹೊಸ ಬಣ್ಣ ಹೊಡೆದಿತ್ತು. ಬಣ್ಣದವರು ಬೀರು ಸರಿಸುವ ಗೋಜಿಗೆ ಹೋಗಿರಲಿಲ್ಲ. ಅದರ ಹಿಂದೆ ಹಳೆಯ ಗೋಡೆ, ಗೋಡೆಯ ಮೇಲೆ ಯಾರೋ ಗೀರಿ ಬಿಟ್ಟಂತೆ ಕೆಸರಿನ ಗೆರೆ. ನೆಲದಿಂದ ಎರಡು ಅಡಿ ಎಂಟೂವರೆ ಅಂಗುಲ. ಅಷ್ಟಕ್ಕೇ ನಂಬದೆ, ಗಾರೆಯವರು ಮಟ್ಟ ನೋಡುವ ಪಾರದರ್ಶಕ ಪೈಪನ್ನು ಅಪ್ಪನಿಂದ ಕಾಡಿ ತಂದು, ನೀರು ತುಂಬಿಸಿ, ಸೇತುವೆಯ ಕಂಬದ ಮೇಲೆ ಕಚೇರಿಯವರೇ ಬಳಿದಿದ್ದ ನೆರೆಯ ಕೆಂಪು ಗೆರೆಯಿಂದ ಹಿಡಿದು ಬೀದಿ ದೀಪದ ಕಂಬ ಕಂಬಕ್ಕೂ ಮಟ್ಟ ಸಾಗಿಸುತ್ತ ಶಾಲೆಯ ಗೋಡೆಯವರೆಗೂ ತಂದಿದ್ದರು. ಎರಡು ಅಡಿ ಒಂಬತ್ತು ಅಂಗುಲ. ಅರ್ಧ ಅಂಗುಲ ಮಾತ್ರ ವ್ಯತ್ಯಾಸ. ಮಕ್ಕಳು ಅಂಗಳದಲ್ಲಿ ಕುಣಿದಾಡಿದ್ದರು. ಅವನೂ ಕುಣಿದಿದ್ದ. ಆದರೆ ಕಚೇರಿಯ ಯೋಜನೆಯಲ್ಲಿ ಆ ಶಾಲೆಯೇ ಆಶ್ರಯ ಕೇಂದ್ರ. ನೀರು ಬಂದರೆ ಕೆಳಗಿನ ಆರು ಬೀದಿಯವರು ಮುದುಕರು ಮಕ್ಕಳ ಸಮೇತ ಬಂದು ಮಲಗಬೇಕಾದದ್ದು ಶಾಲೆಯ ದೊಡ್ಡ ಹಾಲಿನ ನೆಲದ ಮೇಲೆಯೇ.

ಮುಖ್ಯೋಪಾಧ್ಯಾಯಿನಿ, ಎಲ್ಲರ ಬಾಯಲ್ಲಿ ದೊಡ್ಡ ಮೇಡಂ, ಅವನನ್ನು ಬೈಯಲಿಲ್ಲ, ಅಪ್ಪಣೆಯನ್ನೂ ಮಾಡಲಿಲ್ಲ. ಅದೇ ಅವನಿಗೆ ಈಗ ದೊಡ್ಡ ತಾಪತ್ರಯ. ಅಪ್ಪಣೆ ಮಾಡಿದ್ದರೆ ಅದರ ಹಿಂದೆ ಬಚ್ಚಿಟ್ಟುಕೊಳ್ಳಬಹುದಿತ್ತು. ಕುರ್ಚಿ ಎಳೆದು ಕೂರಿಸಿ, ವರ್ಷ ವರ್ಷ ಮಕ್ಕಳು ಕಮ್ಮಿಯಾಗುತ್ತಿರುವುದನ್ನೂ, ಈ ಶಾಲೆಯನ್ನು ಇನ್ನೊಂದಕ್ಕೆ ಸೇರಿಸಿ ಮುಚ್ಚುವ ಮಾತು ಮೇಲೆ ನಡೆದಿರುವುದನ್ನೂ ಹೇಳಿದ್ದರು. ಆಶ್ರಯ ಕೇಂದ್ರ ಎಂದು ಒಂದು ಸಲ ಬರೆಸಿಕೊಂಡರೆ ನಗರಕ್ಕೆ ಬೇಕಾದ ಕಟ್ಟಡವಾಗುತ್ತದೆ, ಬೇಕಾದ ಕಟ್ಟಡವನ್ನು ಯಾರೂ ಮುಚ್ಚುವುದಿಲ್ಲ ಎಂದಿದ್ದರು. ಆಮೇಲೆ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ, "ಮಕ್ಕಳ ಅಳತೆ ಮಕ್ಕಳ ಅಳತೇನೇ ಅಲ್ವಾ ಮೇಷ್ಟ್ರೇ? ನೀವು ದೊಡ್ಡೋರು, ನಿಮಗೆ ಗೊತ್ತಾಗತ್ತೆ" ಎಂದರು. ಗೊತ್ತಾಯಿತು ಎನ್ನುವಂತೆ ತಲೆಯಾಡಿಸಿದ್ದ. ತಲೆಯಾಡಿಸುವಷ್ಟು ಸುಲಭವಾಗಿ ಅವನು ಜೀವನದಲ್ಲಿ ಬೇರೇನನ್ನೂ ಮಾಡಿದವನಲ್ಲ.

ಶಾಯಿಯಲ್ಲಿ ತಿದ್ದಿ ತರುತ್ತೇನೆಂದು ನಕ್ಷೆಯನ್ನು ಮನೆಗೆ ಒಯ್ದಿದ್ದ. ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಹರಡಿ, ಬೀದಿಗಳ ಗೆರೆಗಳನ್ನೆಲ್ಲ ಪೆನ್ನಿನಲ್ಲಿ ಎಳೆದು ಮುಗಿಸಿ, ಕೊನೆಗೆ ರಬ್ಬರು ತೆಗೆದುಕೊಂಡ. ನೀರು ಬಂದ ಗುರುತಾಗಿ ಶಾಲೆಯ ಚೌಕದ ಒಳಗೆ ಬಳಿದಿದ್ದ ನೀಲಿ ಪೆನ್ಸಿಲಿನ ಬಣ್ಣ ಅಂದುಕೊಂಡಷ್ಟು ಸುಲಭವಾಗಿ ಬಿಡಲಿಲ್ಲ. ಟೇಪು ಒತ್ತಿ ಬಳಿದಿದ್ದಳು. ಉಜ್ಜಿದಷ್ಟೂ ಹರಡಿತು, ಹರಡಿದ್ದನ್ನು ಮತ್ತೆ ಉಜ್ಜಿದ, ಕಾಗದ ನವಿರೆದ್ದು ಹತ್ತಿಯ ಹಾಗಾಯಿತು. ಬಟ್ಟೆ ಮಡಿಸುತ್ತಿದ್ದ ಹೆಂಡತಿ, ಅಷ್ಟು ಹೊತ್ತಿಂದ ಏನು ಉಜ್ಜುತ್ತಿದ್ದೀರಿ ಎಂದು ಕೇಳಿದಳು. ಮಕ್ಕಳು ಒಂದು ಕಡೆ ತಪ್ಪು ಮಾಡಿದ್ದಾರೆ ಎಂದ. ಅವಳು ಹತ್ತಿರ ಬಂದು ನೋಡಿ, ಇಷ್ಟೆಲ್ಲಾ ಮಾಡಿದಾರಲ್ಲ, ಜಾಣ ಮಕ್ಕಳು ಎಂದಳು. ನೀಲಿ ಪುಡಿಯನ್ನು ಅಂಗೈಯಿಂದ ಒಟ್ಟುಮಾಡಿ ಕಸದ ಬುಟ್ಟಿಗೆ ಹಾಕಿದ. ಸೋಮವಾರ ಶಾಲೆಯಲ್ಲಿ, ಟೇಪುಗೆ ಮಾತ್ರ, ನೀನು ಶಾಲೆಯ ವಿಷಯ ಹೇಳುವುದು ಬೇಡ, ಸಮಯ ಸಾಲದು, ಸೇತುವೆಯ ವಿಷಯ ಹೇಳು ಎಂದ. ಯಾಕೆ ಸರ್ ಎಂದಳು. ಸಮಯ ಸಾಲದು ಎಂದು ಇನ್ನೊಂದು ಸಲ ಅಂದ. ಎರಡನೆಯ ಸಲ ಅವಳು ಕೇಳಲಿಲ್ಲ, ಅವನ ಮುಖ ನೋಡಿದಳು, ಅಷ್ಟೇ.

ಒಳಗೆ ಕರೆದರು. ಸಭಾಂಗಣದಲ್ಲಿ ಆಯುಕ್ತರು ಇದ್ದರು, ಯೋಜನೆಯ ಹೊಣೆ ಹೊತ್ತ ಎಂಜಿನಿಯರ್ ಮೇಡಂ ಇದ್ದರು, ಫೋಟೋ ತೆಗೆಯುವವನೊಬ್ಬ ಇದ್ದ. ಮೊದಲು ಫೋಟೋ ಆಗಿಬಿಡಲಿ ಎಂದರು. ನಕ್ಷೆಯನ್ನು ಹಲಗೆಗೆ ಕ್ಲಿಪ್ಪು ಹಾಕಿ ನಿಲ್ಲಿಸಿ ಮಕ್ಕಳನ್ನು ಅದರ ಎರಡೂ ಪಕ್ಕ ನಿಲ್ಲಿಸಿದರು. ಮೇಷ್ಟ್ರು ಸ್ವಲ್ಪ ಸರಿಯಿರಿ, ನಕ್ಷೆ ಕಾಣ್ತಿಲ್ಲ ಎಂದು ಫೋಟೋದವನು ಎರಡು ಸಲ ಹೇಳಬೇಕಾಯಿತು. ಅವನಿಗೆ ಗೊತ್ತಿಲ್ಲದೆಯೇ ಅವನ ಭುಜ ಶಾಲೆಯ ಚೌಕಕ್ಕೆ ಅಡ್ಡ ನಿಂತಿತ್ತು. ಸರಿದ. ಕಿಟಕಿಯ ಬೆಳಕು ಓರೆಯಾಗಿ ಬೀಳುತ್ತಿದ್ದುದರಿಂದ ಆ ಒಂದು ಕಡೆ ಕಾಗದ ಮಂಕಾಗಿ, ಒರಟಾಗಿ, ತೊಳೆದ ಗಾಯದ ಹಾಗೆ ಕಾಣುತ್ತಿತ್ತು. ಅಲ್ಲಿ ಕೂತ ಯಾರಿಗಾದರೂ ಕಾಣಲೇಬೇಕು ಎನ್ನಿಸಿತು. ಯಾರಿಗೂ ಕಾಣಲಿಲ್ಲ. ಆಯುಕ್ತರು ಒಳ್ಳೆಯ ಮನುಷ್ಯ, ಮಕ್ಕಳ ಹೆಸರು ಕೇಳಿ ಕೇಳಿ ಬೆನ್ನು ತಟ್ಟಿದರು. ಎಂಜಿನಿಯರ್ ಮೇಡಂ ಮುಂದೆ ಯೋಜನೆಯ ಪುಸ್ತಕದ ಕರಡು ಇತ್ತು. ಅವರು ಅದರ ಅಂಚಿನಲ್ಲಿ ಏನೋ ತಿದ್ದುತ್ತ, ಮಕ್ಕಳ ಕಡೆ ಆಗಾಗ ಕಣ್ಣೆತ್ತಿ, ಮತ್ತೆ ತಿದ್ದುತ್ತಿದ್ದರು.

ಮಕ್ಕಳು ಒಬ್ಬೊಬ್ಬರಾಗಿ ಬಂದು ಕೋಲಿನಿಂದ ತೋರಿಸುತ್ತ ಹೇಳಿದರು. ಮಾರುಕಟ್ಟೆಯ ಚರಂಡಿಗೆ ಪ್ಲಾಸ್ಟಿಕ್ ಸಿಕ್ಕಿಕೊಳ್ಳುವುದು, ಹೊಸ ರಸ್ತೆ ಎತ್ತರವಾಗಿ ಹಳೆಯ ಮನೆಗಳು ತಗ್ಗಿಗೆ ಬಿದ್ದದ್ದು. ಒಬ್ಬ ಮಧ್ಯದಲ್ಲಿ ಮರೆತು, ಮೊದಲಿನಿಂದ ಶುರುಮಾಡಿದ. ಹೇಳಿಕೊಟ್ಟವನು ಪಕ್ಕದ ಕುರ್ಚಿಯಲ್ಲಿ ಕೂತು ಪ್ರತಿಯೊಬ್ಬರ ಮಾತನ್ನೂ ಬಾಯೊಳಗೇ ಅವರ ಜೊತೆ ಹೇಳುತ್ತಿದ್ದ. ಕೊನೆಗೆ ಟೇಪು ಬಂದಳು. ಸೇತುವೆಯ ಮೇಲೆ ಕೋಲಿಟ್ಟು, ಇಲ್ಲಿ ಕಂಬದ ಮೇಲೆ ನೆರೆಯ ಗೆರೆ ಇದೆ ಎಂದಳು. ಅಲ್ಲಿಂದ ಕೋಲು ತಾನಾಗಿಯೇ, ಪೈಪು ಹಿಡಿದು ನಡೆದ ದಾರಿಯಲ್ಲೇ, ಬೀದಿಯ ಗುಂಟ ಸರಿಯಿತು. ಶಾಲೆಯ ಚೌಕಕ್ಕೆ ಬಂದು ನಿಂತಿತು. ಅವಳು ಹತ್ತಿರ ಬಗ್ಗಿ ನೋಡಿದಳು. ಅವನ ಕಡೆ ತಿರುಗಲಿಲ್ಲ. ತಿರುಗಿದ್ದರೆ ಒಳ್ಳೆಯದಿತ್ತು.

ಹೆದರಬೇಡಮ್ಮ, ಹೇಳು ಎಂದರು ಆಯುಕ್ತರು.

"ಸರ್, ನಕ್ಷೇಲಿ ಒಂದು ತಪ್ಪಾಗಿದೆ," ಎಂದಳು. "ನಮ್ಮ ಸ್ಕೂಲಿಗೆ ನೀಲಿ ಹಾಕೋದು ಬಿಟ್ಟುಹೋಗಿದೆ. ನಾನೇ ಮರೆತಿರಬೇಕು."

ಎಂಜಿನಿಯರ್ ಮೇಡಂ ತಲೆಯೆತ್ತಿದರು. ಶಾಲೆಗೆ ನೀರು ಬಂದಿತ್ತೇ, ಯಾರು ಹೇಳಿದ್ದು ಎಂದು ಕೇಳಿದರು. ನಾವು ಅಳೆದಿದ್ದೀವಿ ಎಂದಳು. ಅಳೆದಿದ್ದರೆ ಹಾಕುವುದಕ್ಕೆ ಮರೆಯುತ್ತಿದ್ದೆಯಾ ಎಂದರು ಅವರು. ದನಿಯಲ್ಲಿ ಕೋಪವಿರಲಿಲ್ಲ, ಲೆಕ್ಕ ತಾಳೆಯಾಗದವರ ಬೇಸರವಿತ್ತು. ಆಯುಕ್ತರು ನಕ್ಕು, ಇಂಥ ಕೆಲಸದಲ್ಲಿ ಒಂದು ಗುರುತು ಹೆಚ್ಚು ಕಮ್ಮಿಯಾದರೆ ಎಷ್ಟು ಜನರ ಜೀವದ ಪ್ರಶ್ನೆ ನೋಡು, ಮುಂದೆ ಹುಷಾರಾಗಿರಬೇಕು, ಆಯಿತಾ ಎಂದರು. ಆಯಿತು ಸರ್ ಎಂದಳು. ಅವಳ ಕಿವಿ ಕೆಂಪಾಗಿತ್ತು. ಹಿಂದಿನಿಂದ ಯಾವನೋ ಕಿಸಕ್ಕೆಂದ. ಎಂಜಿನಿಯರ್ ಮೇಡಂ ಪೆನ್ನಿನ ಮುಚ್ಚಳ ಹಾಕಿ ಕರಡಿನ ಹಾಳೆ ತಿರುವಿದರು. ಆ ಹಾಳೆ ತಿರುಗಿದ ಸದ್ದು ಅವನ ಮುಖಕ್ಕೇ ಬಡಿದಂತಾಯಿತು.

ಅವನ ಅಕ್ಕನೂ ಒಂದು ಸಲ ಹೀಗೇ ನಿಂತಿದ್ದಳು. ಅಪ್ಪನ ಕನ್ನಡಕದ ಮೇಲೆ ಕೂತು ಮುರಿದವನು ಅವನು, ಆರು ವರ್ಷದವನು, ನಾನೇ ಮುರಿದೆ ಎಂದವಳು ಅಕ್ಕ. ಅಪ್ಪ ಹೊಡೆಯಲಿಲ್ಲ. ವಾರಗಟ್ಟಲೆ ಅವಳೊಡನೆ ಮಾತಾಡಲಿಲ್ಲ, ಪೇಪರನ್ನು ಕಣ್ಣಿಗೆ ಒತ್ತಿಹಿಡಿದು ಓದುತ್ತ ಪ್ರತಿ ದಿನ ಬೆಳಿಗ್ಗೆ ನಿಟ್ಟುಸಿರು ಬಿಡುತ್ತಿದ್ದ. ಆ ನಿಟ್ಟುಸಿರು ತನ್ನದೆಂದು ಇವನಿಗೆ ಗೊತ್ತಿತ್ತು. ಮೂವತ್ತು ವರ್ಷ ಹೊತ್ತು, ಕಡೆಗೊಂದು ದಿನ ಫೋನಿನಲ್ಲಿ ಧೈರ್ಯ ಮಾಡಿ ಹೇಳಿದರೆ ಅಕ್ಕ, ಯಾವ ಕನ್ನಡಕವೋ, ನಂಗೆ ನೆನಪೇ ಇಲ್ಲ ಕಣೋ ಎಂದು, ತನ್ನ ಅತ್ತೆಯ ಸೊಂಟ ನೋವಿನ ಮಾತು ತೆಗೆದಿದ್ದಳು. ಕ್ಷಮಿಸುವುದಕ್ಕೂ ಅಲ್ಲಿ ಯಾರೂ ಉಳಿದಿರಲಿಲ್ಲ. ಈ ಹುಡುಗಿ ಮರೆಯುವವಳಲ್ಲ, ಬರೆದಿಟ್ಟುಕೊಳ್ಳುವವಳು. ಆದರೆ ಅವನನ್ನು ಎಬ್ಬಿಸಿದ್ದು ಅದೂ ಅಲ್ಲ. ಹುಡುಗಿ ತನ್ನನ್ನು ಕಾಪಾಡಿ ಆ ಅಳತೆಯನ್ನೇ ಕೊಂದಳಲ್ಲ, ಇನ್ನು ಅದನ್ನು ಯಾರೂ ನಂಬುವುದಿಲ್ಲವಲ್ಲ ಎನ್ನುವುದೂ, ಆರು ಬೀದಿಯ ಜನ ಚಾಪೆ ಹಿಡಿದುಕೊಂಡು ಶಾಲೆಯ ಹಾಲಿನ ಬಾಗಿಲಿಗೆ ಬರುತ್ತಿರುವುದೂ ಒಟ್ಟಿಗೇ ಕಂಡವು. ಎದ್ದು ನಿಂತಿದ್ದ. ಎದ್ದಾಗ ಕುರ್ಚಿ ಹಿಂದಕ್ಕೆ ಬಿತ್ತು. ಅದನ್ನು ಎತ್ತಿ ನಿಲ್ಲಿಸುವುದೋ ಮೊದಲು ಮಾತಾಡುವುದೋ ತಿಳಿಯದೆ ಬಗ್ಗಿದ ಭಂಗಿಯಲ್ಲೇ ಹೇಳಿದ.

"ಅವಳು ಮರೆತಿಲ್ಲ ಮೇಡಂ. ಅವಳು ಹಾಕಿದ್ಲು. ನಾನು ಅಳಿಸಿದೆ."

ಯಾಕೆ ಎಂದರು ಎಂಜಿನಿಯರ್ ಮೇಡಂ. ದೊಡ್ಡ ಮೇಡಂ ಹೆಸರು ನಾಲಿಗೆಯ ತುದಿಗೆ ಬಂತು. ಬಂದದ್ದನ್ನು ಉಗುಳಿನ ಜೊತೆ ನುಂಗಿದ. ಅದನ್ನು ಹೇಳಿದರೆ ಮತ್ತೆ ಇನ್ನೊಬ್ಬರ ಹಿಂದೆ ನಿಂತಂತೆ. ಶಾಲೆಗೆ ಕೆಟ್ಟ ಹೆಸರು ಬರುತ್ತದೆ ಎಂದು ಅನ್ನಿಸಿತು ಎಂದ. ಹೇಳಿದ ಮೇಲೆ ಅದು ಎಷ್ಟು ಸಣ್ಣದಾಗಿ ಕೇಳಿಸಿತೆಂದರೆ, ಇದಕ್ಕೋಸ್ಕರವೇ ಇಷ್ಟೆಲ್ಲ ಎಂದು ಅವನಿಗೇ ಆಶ್ಚರ್ಯವಾಯಿತು. ಆಯುಕ್ತರು ಮೇಜಿನ ಮೇಲಿನ ಗಾಜಿನ ಲೋಟವನ್ನು ಅತ್ತಿಂದಿತ್ತ ಸರಿಸಿದರು. ಮಕ್ಕಳ ಕಡೆ ನೋಡಲು ಅವನಿಂದಾಗಲಿಲ್ಲ. ಎಂಜಿನಿಯರ್ ಮೇಡಂ ಮೇಜು ಬಳಸಿ ಬಂದು, ನಕ್ಷೆಯ ಆ ಜಾಗದ ಮೇಲೆ ಬೆರಳಾಡಿಸಿದರು. ನವಿರೆದ್ದ ಕಾಗದದ ಮೇಲೆ ಬೆರಳು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅವನನ್ನು ಬಿಟ್ಟು ಹುಡುಗಿಯ ಕಡೆ ತಿರುಗಿ, ಹೇಗೆ ಅಳೆದಿರಿ, ಮೊದಲಿಂದ ಹೇಳು ಎಂದರು.

ಅವಳು ಹೇಳಿದಳು. ಬೀರುವಿನ ಹಿಂದಿನ ಗೋಡೆ, ಕೆಂಪು ಗೆರೆ, ಪೈಪು, ಹದಿನೇಳು ಕಂಬ. ಪೈಪಿನಲ್ಲಿ ಗುಳ್ಳೆ ಉಳಿದಿದ್ದರೆ ಮಟ್ಟ ತಪ್ಪುತ್ತದಲ್ಲ ಎಂದರು ಮೇಡಂ. ಮೊದಲನೇ ಸಲ ಗುಳ್ಳೆ ಇತ್ತು, ಅಪ್ಪ ಬೈದರು, ಅದಕ್ಕೇ ಇನ್ನೊಂದು ಸಲ ಮೊದಲಿಂದ ಮಾಡಿದ್ವಿ ಎಂದಳು. ಮೇಡಂ ಮೊದಲ ಸಲ ನಕ್ಕರು. ಪುಸ್ತಕ ಅಚ್ಚಿಗೆ ಹೋಗಿಬಿಟ್ಟಿದೆಯಲ್ಲ ಎಂದು ಆಯುಕ್ತರು ಮೆಲ್ಲಗೆ ನೆನಪಿಸಿದಾಗ, ಇಲ್ಲ ಸರ್, ನಾಳಿದ್ದು ಹೋಗುವುದು, ಈ ಹಾಳೆ ತಡೆಹಿಡಿಯುತ್ತೇನೆ ಎಂದು ಅಲ್ಲೇ ಪೆನ್ಸಿಲಿನಲ್ಲಿ ಆಶ್ರಯ ಕೇಂದ್ರದ ಸಾಲಿನ ಮೇಲೆ ಗೆರೆ ಎಳೆದರು. ನಾಳೆ ಹತ್ತು ಗಂಟೆಗೆ ಉಪಕರಣ ತೆಗೆದುಕೊಂಡು ಶಾಲೆಗೆ ಬರುತ್ತೇನೆ, ಬೀರುವನ್ನು ವಾಪಸು ಗೋಡೆಗೆ ತಳ್ಳಬೇಡಿ ಎಂದರು. ಆಶ್ರಯಕ್ಕೆ ಗುಡ್ಡದ ಪಕ್ಕದ ಗ್ರಂಥಾಲಯದಲ್ಲಿ ಎಷ್ಟು ಜನ ಹಿಡಿಯಬಹುದೆಂದು ಯಾರಿಗೋ ಫೋನು ಮಾಡಿ ಕೇಳಿದರು. ಕೊನೆಗೆ ಅವನ ಕಡೆ ನೋಡಿದರು.

"ಉಳಿದದ್ದನ್ನ ನಂಬಬಹುದಾ ಮೇಷ್ಟ್ರೇ?"

ನಂಬಬಹುದು ಎನ್ನಲು ಬಾಯಿ ತೆರೆದ. ಅವರು ಉತ್ತರಕ್ಕೆ ಕಾಯಲಿಲ್ಲ. ಹೊರಗೆ ಕೂತು ಮಕ್ಕಳ ಅಳತೆ ಪುಸ್ತಕಕ್ಕೂ ನಕ್ಷೆಗೂ ಒಂದೊಂದೇ ಗುರುತು ತಾಳೆ ನೋಡಿ, ಮಕ್ಕಳ ಸಹಿ ಹಾಕಿಸಿ ಕೊಡಿ ಎಂದರು. ಮಕ್ಕಳ ಸಹಿ. ಅವನ ಸಹಿ ಕೇಳಲಿಲ್ಲ.

ಹೊರಗಿನ ಪಡಸಾಲೆಯ ಕೊನೆಗೆ ಹೋಗಿ ದೊಡ್ಡ ಮೇಡಂಗೆ ತಾನೇ ಫೋನು ಮಾಡಿ ಹೇಳಿದ. ಅತ್ತ ಕಡೆ ಯಾವುದೋ ತರಗತಿಯ ಮಗ್ಗಿಯ ಕೂಗು ಕೇಳುತ್ತಿತ್ತು. ಮುಚ್ಚುವ ಕಾಗದ ಬಂದರೆ ಅದನ್ನು ಮಕ್ಕಳಿಗೆ ನೀವೇ ಓದಿ ಹೇಳಿ ಎಂದು ಅವರು ಫೋನು ಇಟ್ಟರು. ಇಟ್ಟ ಮೇಲೂ ಅವನು ಕಿವಿಯಿಂದ ಫೋನು ತೆಗೆಯಲಿಲ್ಲ. ಮಾತಾಡುತ್ತಿರುವಂತೆ ನಿಂತಿದ್ದರೆ ಮಕ್ಕಳ ಬಳಿಗೆ ಹೋಗುವುದು ಇನ್ನೊಂದು ನಿಮಿಷ ತಡವಾಗುತ್ತದಲ್ಲ.

ಹೋಗುವಷ್ಟರಲ್ಲಿ ಅವರು ನಕ್ಷೆಯನ್ನು ನೆಲದ ಮೇಲೆ ಹರಡಿ, ಫ್ಯಾನಿನ ಗಾಳಿಗೆ ಏಳದಂತೆ ನಾಲ್ಕು ಮೂಲೆಗೂ ಚಪ್ಪಲಿ ಇಟ್ಟು, ಸುತ್ತ ಮಂಡಿಯೂರಿ ಕೂತಿದ್ದರು. ಅವನು ಬಂದದ್ದು ಕಂಡು ತಲೆಯೆತ್ತಿದರು. ಯಾರ ಮುಖದಲ್ಲೂ ಸಿಟ್ಟಿರಲಿಲ್ಲ. ಅಪರಿಚಿತರ ಮನೆಗೆ ಹೋದಾಗ ಇರುತ್ತದಲ್ಲ, ಅಂಥ ಮರ್ಯಾದೆ ಇತ್ತು. ಬೆಳಿಗ್ಗೆ ಬಸ್ಸಿನಲ್ಲಿ ಅವನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದ ಹುಡುಗನೂ ಸರಿದು ಜಾಗ ಬಿಟ್ಟ. ಟೇಪು ಪುಸ್ತಕವನ್ನು ಅವನ ಕಡೆ ಚಾಚಿ, "ನೀವು ಓದಿ ಸರ್, ನಾವು ನೋಡ್ತೀವಿ" ಎಂದಳು. ಅವನು ನೆಲದ ಮೇಲೆ ಕೂತ. ಒಂದು, ಎರಡು, ಮೂರು ಎಂದು ಅವಳ ದುಂಡಗಿನ ಅಕ್ಷರಗಳನ್ನು ಓದಿದ. ಪ್ರತಿಯೊಂದಕ್ಕೂ ಯಾರದೋ ಬೆರಳು ನಕ್ಷೆಯ ಮೇಲೆ ಓಡಿ, ಇದೆ ಎನ್ನುತ್ತಿತ್ತು. ಇದೆ, ಇದೆ, ಇದೆ. ಹತ್ತಾಯಿತು, ಇಪ್ಪತ್ತಾಯಿತು, ಉಸಿರು ಸ್ವಲ್ಪ ಸಡಿಲವಾಯಿತು. ಮಕ್ಕಳ ದನಿಯಲ್ಲೂ ಬಿಗುವು ಇಳಿಯುತ್ತ ಬಂತು. ಒಬ್ಬ, ಇದೆ ಎನ್ನುವ ಬದಲು ಹಾಜರ್ ಸರ್ ಎಂದ. ಎರಡು ಮೂರು ಜನ ನಕ್ಕರು. ಅವನೂ ನಗಬಹುದೇನೋ ಎನ್ನಿಸಿತು.

"ಮೂವತ್ತೊಂದು," ಎಂದು ಓದಿದ. "ಬಸ್ ನಿಲ್ದಾಣದ ಹಿಂದಿನ ತಿರುವು. ಒಂದು ಅಡಿ ಏಳು ಅಂಗುಲ."

ಯಾರೂ ಇದೆ ಎನ್ನಲಿಲ್ಲ. ಬೆರಳುಗಳು ಬಸ್ ನಿಲ್ದಾಣದ ಸುತ್ತ ಹುಡುಕಿದವು. ಅವನೂ ಬಗ್ಗಿದ. ತಿರುವಿತ್ತು, ತಿರುವಿನ ಗೆರೆ ಅವನೇ ಶಾಯಿಯಲ್ಲಿ ಎಳೆದದ್ದು, ನೀಲಿ ಇರಲಿಲ್ಲ. ಕಾಗದ ಅಲ್ಲಿ ನಯವಾಗಿತ್ತು, ಬೆಳ್ಳಗಿತ್ತು, ರಬ್ಬರು ತಾಗಿದ ಗುರುತೇ ಇಲ್ಲ. ಬಣ್ಣ ಹಾಕುವಾಗ ಇವರಲ್ಲೇ ಯಾರೋ ನಿಜವಾಗಿಯೂ ಮರೆತದ್ದು. ತಲೆಯೆತ್ತಿದಾಗ ಇಪ್ಪತ್ತಮೂರು ಜೊತೆ ಕಣ್ಣು ಅವನ ಮೇಲಿದ್ದವು, ಕೂಡಲೇ ಬೇರೆ ಕಡೆ ತಿರುಗಿದವು. ಮುಟ್ಟಿ ನೋಡಿ, ಕಾಗದ ನಯವಾಗಿದೆ ನೋಡಿ ಎಂದು ಹೇಳಬೇಕೆನ್ನಿಸಿತು. ಹೇಳಿದರೆ, ಎಲ್ಲಿ ಹೇಗೆ ಅಳಿಸಿದರೆ ಕಾಗದ ಏನಾಗುತ್ತದೆಂದು ಬಲ್ಲವನ ಮಾತಾಗುತ್ತದೆ.

"ಇದು ನಾನಲ್ಲ" ಎಂದ. ದನಿ ತನಗೇ ಸುಳ್ಳಿನ ಹಾಗೆ ಕೇಳಿಸಿತು. ಭಾನುವಾರದ ಮಧ್ಯಾಹ್ನವನ್ನು ಮತ್ತೆ ಮೊದಲಿಂದ ನೆನೆದ. ಮೇಜು, ಪುಡಿ, ಹೆಂಡತಿಯ ಮಾತು. ಕೈ ಬೇರೆ ಎಲ್ಲಾದರೂ ಹೋಗಿತ್ತೇ?

"ಪರವಾಗಿಲ್ಲ ಸರ್," ಎಂದಳು ಟೇಪು, ತುಂಬ ಮೃದುವಾಗಿ, ಕಾಯಿಲೆಯವರೊಡನೆ ಮಾತಾಡುವ ಹಾಗೆ. ನೀಲಿ ಪೆನ್ಸಿಲು ತೆಗೆದು, ತಿರುವಿನ ಒಳಗೆ ಒತ್ತಿ ಒತ್ತಿ ಬಣ್ಣ ತುಂಬಿದಳು. ತುಂಬಿ ಮುಗಿಯುವವರೆಗೆ ಎಲ್ಲರೂ ಕಾದರು.

"ಮುಂದಿನದು ಓದಿ ಸರ್."

ಅವನು ಪುಸ್ತಕದ ಮೇಲೆ ಬೆರಳಿಟ್ಟು, ಮೂವತ್ತೆರಡು ಎಂದು ಓದಿದ.